ಇಜೇರಿಯಿಂದ ಬಂದ ಮಾತು

“ಸಾವಕಾಶ ಎತ್ರೋ, ಹೊಸ್ತಿಲಕ್ಕ ಬಡೀತದ,” ಎಂದು ಜಗದೇವ ಹೇಳಿ ಮುಗಿಸುವಷ್ಟರಲ್ಲಿ ಟ್ರಂಕಿನ ಮೂಲೆ ಹೊಸ್ತಿಲಿಗೆ ಬಡಿದೇಬಿಟ್ಟಿತು. ಒಳಗಿನ ಚೀಟಿಗಳೆಲ್ಲ ಒಂದೇ ಕಡೆ ಸರಿದು ಬಿದ್ದ ಸಪ್ಪಳ ಕೇಳಿಸಿತು. ಅಂಗಳದಲ್ಲಿ ತೀರಿಹೋದ ಗಂಡನ ತಲೆಯ ಬದಿಗೆ ಕೂತಿದ್ದ ದ್ರೌಪದಿ, ಮುಂಜಾನೆಯಿಂದ ಯಾರು ಬಂದು ಅತ್ತರೂ ತಲೆ ಎತ್ತದಿದ್ದವಳು, ಈಗ ಎತ್ತಿದಳು.

“ಅದನ್ಯಾಕ ಹೊರಗ ತಂದಿ?” ಎಂದು ಮಗನನ್ನು ಕೇಳಿದಳು.

“ಸತೀಶಕುಮಾರ ಸರ್ ಒಯ್ತಾರಂತ ಯವ್ವಾ. ಮಣ್ಣು ಕೊಟ್ಟು ಬಂದ ಮ್ಯಾಲ ಜೀಪಿನಾಗ ಇಟ್ಕೊಂಡು ಹೋಗ್ತಾರ. ಸೋಮವಾರ ಪುಸ್ತಕ ಪ್ರೆಸ್ಸಿಗೆ ಕೊಡೋದದ.”

ದ್ರೌಪದಿ ಟ್ರಂಕನ್ನೇ ನೋಡಿದಳು. ಆ ಟ್ರಂಕಿನೊಳಗೆ ಗಂಡ ಕೂಡಿಟ್ಟ ಸಾವಿರಾರು ಚೀಟಿ ಇದ್ದವು, ಒಂದೊಂದರಲ್ಲಿ ಒಂದೊಂದು ಮಾತು. ಅವುಗಳಲ್ಲಿ ಒಂದು ಸುಳ್ಳು ಚೀಟಿ. ಅದರ ಮೇಲೆ ಹೆಬ್ಬೆಟ್ಟು ಒತ್ತಿದವಳು ಅವಳೇ. ನಲವತ್ತನಾಲ್ಕು ವರ್ಷದಿಂದ ನಾಳೆ ಹೇಳಿದರಾಯಿತು, ನಾಳೆ ಹೇಳಿದರಾಯಿತು ಎಂದು ತಳ್ಳಿಕೊಂಡು ಬಂದಿದ್ದಳು. ಕೇಳಬೇಕಾದವನು ಈಗ ಎದೆತನಕ ಬಿಳಿ ಬಟ್ಟೆ ಹೊದ್ದು ಮಲಗಿದ್ದ. ತಲೆಯ ಹತ್ತಿರ ಸ್ಟೂಲಿನ ಮೇಲೆ ಬುದ್ಧನ ಫೋಟೋ, ಬಾಬಾಸಾಹೇಬರ ಫೋಟೋ, ಒಂದು ಮೇಣಬತ್ತಿ. ಇವತ್ತು ಸಂಜೆಯೊಳಗೆ ಹೇಳದಿದ್ದರೆ ಆ ಸುಳ್ಳು ಅವನ ಹೆಸರಿನಡಿ ಅಚ್ಚಾಗಿ ಹೋಗುತ್ತಿತ್ತು.

ದತ್ತಪ್ಪ ಜೇವರ್ಗಿಯ ತಹಸೀಲ ಕಚೇರಿಯಲ್ಲಿ ಮೂವತ್ತೊಂದು ವರ್ಷ ಗುಮಾಸ್ತನಾಗಿದ್ದ. ರೆಕಾರ್ಡ್ ರೂಮೇ ಅವನ ಸಂಸ್ಥಾನ. ನಿವೃತ್ತನಾದ ಮೇಲೆ ತನ್ನೂರು ಅತನೂರಿಗೆ ಬಂದು ಈ ಎರಡು ಖೋಲಿಯ ಮನೆಯಲ್ಲಿ ನೆಲೆ ನಿಂತ. ಊರಿನವರಿಗೆ ಅವನು ‘ರಷ್ಯಾದ ಮಾಸ್ತರ’. ಮಾಸ್ತರಕಿ ಮಾಡಿದವನೂ ಅಲ್ಲ, ರಷ್ಯಾ ಕಂಡವನೂ ಅಲ್ಲ.

“ಏನದ್ರಿ ಅದರಾಗ? ಇಬ್ಬರು ಎತ್ತಿದ್ರೂ ಏಳವಲ್ದು,” ಎಂದು ಟ್ರಂಕು ಹೊತ್ತು ತಂದವರಲ್ಲಿ ಒಬ್ಬ, ಶ್ರೀಮಂತನೆಂಬವನು, ಬೆವರು ಒರೆಸಿಕೊಂಡ. ಅವನು ಪಕ್ಕದ ಹೊಲದವನು.

ಬೇವಿನ ನೆರಳಿನಲ್ಲಿ ಕೂತಿದ್ದ ಲಾಡ್ಲೆಸಾಬ ಉತ್ತರ ಕೊಟ್ಟ. ಅವನು ಅದೇ ರೆಕಾರ್ಡ್ ರೂಮಿನಲ್ಲಿ ದತ್ತಪ್ಪನ ಕೈಕೆಳಗೆ ದಫ್ತರಗಳನ್ನು ಎತ್ತಿಡುತ್ತಿದ್ದವನು. ಸುದ್ದಿ ಕೇಳಿ ಮೊದಲ ಬಸ್ಸಿಗೇ ಜೇವರ್ಗಿಯಿಂದ ಬಂದಿದ್ದ. “ಒಂದು ಮಾತಿನ ವಂಶಾವಳಿ ಅದ ಅದರಾಗ.”

“ಒಂದೇ ಮಾತಿಂದಾ? ಯಾವ ಮಾತ್ರಿ?”

“ರಷ್ಯಾದೋರು ‘ಸುಖೋಯ್’ ಅಂತಾರ. ಅಂದ್ರ ಒಣಗಿದ್ದು.”

“ಒಣಗಿದ್ದಕ್ಕ ಸುಖ ಅಂತಾರೇನ್ರಿ? ಹಂಗಿದ್ರ ನಾವೇ ಭಾಳ ಸುಖದಾಗ ಇದ್ದೀವಿ ಬಿಡ್ರಿ.”

ಸಾವಿನ ಮನೆಯಲ್ಲೂ ನಾಲ್ಕು ಮಂದಿ ನಕ್ಕರು. ಲಾಡ್ಲೆಸಾಬ ನಗಲಿಲ್ಲ. “ಇವ ಒಂದು ಪಹಣಿ ಹುಡುಕಾಕ ಐದು ನಿಮಿಷ ತಗೋತಿದ್ದ. ಅದರಾಗಿನ ಒಂದು ಮಾತು ಹುಡುಕಾಕ ಜನ್ಮ ತಗೊಂಡ,” ಎಂದು ಮಲಗಿದ್ದವನ ಮುಖ ನೋಡಿ, ಹೆಗಲ ಮೇಲಿನ ಟವೆಲಿನಿಂದ ಮೂಗು ಒರೆಸಿಕೊಂಡ.

ಅಷ್ಟರಲ್ಲಿ ಸತೀಶಕುಮಾರ ಬಂದು ದ್ರೌಪದಿಯ ಎದುರು ಕುಕ್ಕರಗಾಲಿನಲ್ಲಿ ಕೂತ. ಆಳಂದದ ಕಾಲೇಜಿನಲ್ಲಿ ಕಲಿಸುವ ಈತ ಹದಿನೈದು ವರ್ಷದ ಹಿಂದೆ ಅಪ್ಪನ ಹೊಲದ ಕಾಗದ ಹುಡುಕಿಸಲು ದತ್ತಪ್ಪನ ಬಳಿ ಬಂದವನು. ಕಾಗದ ಸಿಕ್ಕಿತು, ಶಿಷ್ಯತ್ವವೂ ಸಿಕ್ಕಿತು.

“ಅಮ್ಮಾವ್ರ, ಸರ್ ಕಣ್ಣಿನ ಮುಂದ ಪುಸ್ತಕ ಬರಲಿಲ್ಲ. ಆದ್ರ ಮೂರನೇ ಅಧ್ಯಾಯ ನೋಡಿದವ್ರು ಬೆರಗಾಗ್ತಾರ್ರಿ. ಇಜೇರಿ ಮಾತಿಂದು. ಅದರ ಕೆಳಗ ನಿಮ್ಮ ಹೆಸರೇ ಇರ್ತದ.”

“ಸತೀಶಪ್ಪಾ, ಆ ಮಾತಿನ ಬಗ್ಗೆ ನನಗೊಂದು...”

“ಅಕ್ಕಾ, ಮುಂಜಾನಿಂದ ಏನೂ ಕುಡಿದಿಲ್ಲ ನೀನು.” ನೆರೆಮನೆಯ ವಜೀರುನ್ನಿಸಾ ಚಹಾದ ಲೋಟ ಹಿಡಿದು ನಡುವೆ ಬಂದಳು. “ಗಂಟಲ ಸುಹ್ಯಾ ಆಗಿರ್ತದ. ಒಂದು ಗುಟುಕರೆ ಕುಡಿ.”

ಸತೀಶಕುಮಾರನ ಕಣ್ಣು ಅರಳಿತು. ಅಂಥ ಹೊತ್ತಿನಲ್ಲೂ ಅವನ ಕೈ ಜೇಬಿನ ಪೆನ್ನಿಗೆ ಹೋಯಿತು, ನಾಚಿ ಹಿಂದೆ ಸರಿಯಿತು. “ಸುಹ್ಯಾ! ಕೇಳಿದ್ರೇನ್ರಿ ಅಮ್ಮಾವ್ರ? ಅದೇ ಇಜೇರಿ ಮಾತು. ಇನ್ನೂ ಜೀವಂತ ಅದ.”

ದ್ರೌಪದಿ ಲೋಟ ತಗೊಂಡು ಕುಡಿಯದೆ ಪಕ್ಕಕ್ಕಿಟ್ಟಳು.

* * *

ಮದುವೆಯಾದ ಹೊಸತು. ಜೇವರ್ಗಿಯಲ್ಲಿ ಬಾಡಿಗೆಯ ಒಂದು ಖೋಲಿ. ದತ್ತಪ್ಪ ಹೈದರಾಬಾದಿನಲ್ಲಿ ಓದುವಾಗ ಸಂಜೆಯ ಹೊತ್ತು ಪುಕ್ಕಟೆ ರಷ್ಯನ್ ಕಲಿಸುವ ಕ್ಲಾಸಿಗೆ ಹೋಗಿದ್ದ. ಹಾಸ್ಟೆಲಿನ ಊಟ ಎಂಟಕ್ಕೆ. ಅಲ್ಲಿತನಕ ಕೂಡಲಿಕ್ಕೆ ಒಂದು ಜಾಗ ಬೇಕಿತ್ತು, ಹೋಗಿದ್ದ. ಹೋದವನು ಮೂರು ವರ್ಷ ಬಿಡಲಿಲ್ಲ. ಆಮೇಲೆ ನೌಕರಿಗೆ ಸೇರಿ ಮೊದಲ ದಿನ ಪಹಣಿ ತೆರೆದರೆ, ನೀರಿಲ್ಲದ ಹೊಲದ ಎದುರಿಗೆಲ್ಲ ಒಂದೇ ಮಾತು: ಖುಷ್ಕಿ, ಖುಷ್ಕಿ, ಖುಷ್ಕಿ. ರಷ್ಯನ್ನಿನ ಸುಖೋಯ್ ನೆನಪಾಯಿತು, ಅವತ್ತಿನಿಂದ ಅವನಿಗೆ ಹುಚ್ಚು ಹತ್ತಿತು.

ದ್ರೌಪದಿ ರೊಟ್ಟಿ ಬಡಿಯುತ್ತಿದ್ದರೆ ಎದುರಿಗೆ ಕೂತು ಹೇಳುತ್ತಿದ್ದ. ಅವಳು ಓದಿದ್ದು ಎರಡನೇ ಇಯತ್ತೆ. ಆದರೂ ಅವನು ಹೇಳಿದರೆ ತಿಳಿಯುತ್ತಿತ್ತು.

“ರಷ್ಯಾದೋರು, ಪೋಲಂಡಿನೋರು, ಬಲ್ಗೇರಿಯಾದೋರು, ಇವರೆಲ್ಲ ಸಾವಿರದೈನೂರು ವರ್ಷದ ಹಿಂದ ಒಂದೇ ಮನಿಯೋರು. ಒಂದೇ ಮಾತು. ಆಮ್ಯಾಲ ಪಾಲಾದ್ರು. ರಷ್ಯಾದೋರು ಒಣಗಿದ್ದಕ್ಕ ಸುಖೋಯ್ ಅಂದ್ರು. ಪೋಲಂಡಿನೋರು ಸುಖಿ, ಬಲ್ಗೇರಿಯಾದೋರು ಸುಖ್. ಸರ್ಬಿಯಾದೋರ ಬಾಯಾಗ ಸವದು ಸವದು ಸುವ್ ಆತು.”

“ಮತ್ತ ಒಂದೇ ಮನ್ಯಾಗ ಇದ್ದಾಗ ಏನಂತಿದ್ರು?”

“ಭೇಷ್! ಅದೇ ಯಾರಿಗೂ ಗೊತ್ತಿಲ್ಲ. ಅವರಿಗೆ ಆಗ ಬರೆಯಾಕ ಬರ್ತಿರಲಿಲ್ಲ. ಮಕ್ಕಳ ಮೂಗು ಕಣ್ಣು ನೋಡಿ, ತಾಯಿ ಹಿಂಗ ಇದ್ದಿರಬೇಕು ಅಂತ ಅನ್ಕೋತೀವಲ್ಲ, ಹಂಗ ‘ಸುಖು’ ಅಂತ ಇದ್ದಿರಬೇಕು ಅಂತ ಓದಿದೋರು ಗೊತ್ತು ಮಾಡ್ಯಾರ. ಕೇಳಿದೋರು ಯಾರೂ ಇಲ್ಲ. ಅದಕ್ಕ ಆ ಮಾತಿನ ಮುಂದ ಒಂದು ಚುಕ್ಕಿ ಇಡ್ತಾರ, ಆಕಾಶದಾಗಿನ ಚುಕ್ಕಿಯಂಥದ್ದು.”

ಆ ಮನೆತನದ ದಾಯಾದಿಗಳು ಇತ್ತಲೂ ಇದ್ದರು. ಸಂಸ್ಕೃತದ ಶುಷ್ಕ, ಉರ್ದುವಿನ ಸೂಖಾ, ಇರಾನಿನ ಕಡೆಯಿಂದ ನಿಜಾಮನ ಕಾಗದಕ್ಕೆ ಬಂದ ಖುಷ್ಕಿ, ಲಾಡ್ಲೆಸಾಬನ ಮನೆಯ ಮಸಾಲೆಯಿಲ್ಲದ ಅನ್ನ ಕುಷ್ಕಾ. ಎಲ್ಲ ಒಂದೇ ರಕ್ತ. ಆದರೆ ಇತ್ತಲಿನವಕ್ಕೆಲ್ಲ ಹಿಂದೆ ಒಂದು ‘ಕ’ದ ಬಾಲ. ಅತ್ತಲಿನವಕ್ಕೆ ಬಾಲವಿಲ್ಲ; ಅಲ್ಲಿನ ‘ಖ’ ಮೂಲದ ‘ಸ’ವೇ ತಿರುಗಿದ್ದು. ಬಾಲವಿಲ್ಲದ ಒಂದು ಮಾತು ಈ ಭೀಮಾ ನದಿಯ ಕಡೆ, ಯಾರಾದರೂ ಮುದುಕಿಯ ಬಾಯಲ್ಲಿ ಉಳಿದಿರಬಹುದೇ ಎನ್ನುವುದು ದತ್ತಪ್ಪನ ಆಸೆ. ಆದಿತ್ಯವಾರ ಬಂತೆಂದರೆ ಸೈಕಲ್ ಹತ್ತುತ್ತಿದ್ದ. ಜೋಡಿಗೆ ಕಚೇರಿಯ ನೇರಳೆ ಶಾಯಿಯ ಪ್ಯಾಡು. ಅವನ ಪದ್ಧತಿಯೇ ಹಾಗೆ: ಒಂದು ಮಾತಿಗೆ ಒಂದು ಚೀಟಿ. ಮಾತು, ಅರ್ಥ, ಹೇಳಿದವರ ಹೆಸರು, ವಯಸ್ಸು, ಊರು, ಯಾರ ಬಾಯಿಂದ ಕೇಳಿದ್ದು, ತಾರೀಕು. ಕೆಳಗೆ ಸಹಿ, ಇಲ್ಲವೇ ಹೆಬ್ಬೆಟ್ಟು. ಹೊಲದ ಕಾಗದಕ್ಕೆ ಸಾಕ್ಷಿ ಬೇಕಾದರೆ ಮಾತಿಗೆ ಯಾಕೆ ಬೇಡ, ಎನ್ನುತ್ತಿದ್ದ. ಚೀಟಿಗೆ ತೂತು ಹಾಕಿ ಕಚೇರಿಯ ದಾರಕ್ಕೆ ಪೋಣಿಸುತ್ತಿದ್ದ.

ಊರೂರಿನ ಮುದುಕಿಯರ ಜೊತೆ ತಾಸುಗಟ್ಟಲೆ ಕೂತು ಮಾತಾಡಿ ಬರುವ ಗಂಡ, ಮನೆಗೆ ಬಂದರೆ ಸುಸ್ತಾಗಿ ಉಂಡು ಮಲಗುತ್ತಿದ್ದ. ಒಂದು ಆದಿತ್ಯವಾರ ನಾಲ್ಕು ಊರು ತಿರುಗಿ ಬರಿಗೈಲಿ ಬಂದ. ಮುಖ ಬಾಡಿತ್ತು. ನೀರು ಕೊಟ್ಟರೂ ಕುಡಿಯಲಿಲ್ಲ. ದ್ರೌಪದಿಗೆ ಕನಿಕರವಾಯಿತು. ನನ್ನನ್ನು ಒಂದು ದಿನವೂ ಕೇಳಲಿಲ್ಲವಲ್ಲ ಎಂಬ ಸಿಟ್ಟೂ ಇತ್ತು.

“ನಮ್ಮ ಆಯಿ ಒಂದು ಮಾತು ಅಂತಿದ್ಲು,” ಎಂದಳು, ಹಿಟ್ಟು ನಾದುತ್ತ. “ಒಣಗಿದ್ದಕ್ಕ ಸುಹ್ಯಾ. ಹೊಲ ಸುಹ್ಯಾ ಆಗ್ಯಾದ, ಅಂತಿದ್ಲು.”

ಅದು ಎಲ್ಲಿಂದ ಬಂತೋ ಅವಳಿಗೇ ಗೊತ್ತಿಲ್ಲ. ಬಾಯಿಗೆ ಬಂತು, ಅಂದಳು. ಬಾಲವಿಲ್ಲದ ಮಾತು! ದತ್ತಪ್ಪ ಎದ್ದು ನಿಂತ. ಮತ್ತೊಮ್ಮೆ ಅನ್ನು ಎಂದ. ಅಂದಳು. ತವರೂರು ಇಜೇರಿಯ ಆಯಿ, ಅವಳ ಅಜ್ಜಿ, ಸತ್ತು ಆರು ವರ್ಷವಾಗಿತ್ತು. ಹಾಗಾಗಿ ಕೇಳಿದವಳೇ ಹೆಬ್ಬೆಟ್ಟು ಒತ್ತಬೇಕಾಯಿತು. ಹಿಟ್ಟಿನ ಕೈ ತೊಳೆದು ಒತ್ತಿದಳು. ಅವತ್ತು ಅವನು ಬಜಾರಕ್ಕೆ ಹೋಗಿ ಜಿಲೇಬಿ ತಂದು, ತನ್ನ ಕೈಯಾರೆ ಅವಳ ಬಾಯಿಗಿಟ್ಟ. ಊಟದ ನಂತರ ಅವಳ ಎದುರು ಕೂತು, ಆಯಿ ಹೇಗಿದ್ದಳು, ಏನು ಉಡುತ್ತಿದ್ದಳು, ಹೇಗೆ ನಡೆಯುತ್ತಿದ್ದಳು ಎಂದು ಒಂದೊಂದೇ ಕೇಳಿದ. ಮದುವೆಯಾಗಿ ಏಳು ತಿಂಗಳಿಗೆ ಮೊದಲ ಸಲ ಗಂಡ ಅವಳ ಮಾತಿಗೆ ಕಿವಿಗೊಟ್ಟಿದ್ದ. ಹೇಗೆ ತಾನೇ ಅಂದಾಳು, ಸುಳ್ಳು ಎಂದು?

ಮುಂದಿನ ವಾರ ಅವನು ಇಜೇರಿಗೆ ಹೋದ, ಗಟ್ಟಿ ಮಾಡಿಕೊಳ್ಳಲಿಕ್ಕೆ. ಈಗಲಾದರೂ ಸಿಕ್ಕಿಬೀಳುತ್ತೇನೆಂದು ದ್ರೌಪದಿ ಬಾಗಿಲಲ್ಲೇ ಕಾದು ಕೂತಿದ್ದಳು. ಅವನು ಕುಣಿಯುತ್ತ ಬಂದ. ಮೂರು ಹೆಬ್ಬೆಟ್ಟು! ಹೊಸ ಅಳಿಯ ಮನೆಬಾಗಿಲಿಗೆ ಬಂದು “ಹಿಂಗೊಂದು ಮಾತಿತ್ತಂತಲ್ರಿ?” ಎಂದು ಕೇಳಿದರೆ ಇಲ್ಲ ಎನ್ನುವುದು ಹೇಗೆ? “ಹೌದ್ರಿ ಅಳಿಯಾರ, ನಮ್ಮ ಮುತ್ಯಾನೂ ಅಂತಿದ್ದ,” ಎಂದು ಕಾಕಾ ಒತ್ತಿದ. ಅವನು ಒತ್ತಿದ ಎಂದು ದೊಡ್ಡಪ್ಪ ಒತ್ತಿದ. ಇಬ್ಬರೂ ಒತ್ತಿದ ಮೇಲೆ ತಾನೊಬ್ಬ ಉಳಿದರೆ ಚಂದವಲ್ಲ ಎಂದು ಅವಳ ಅಣ್ಣನೂ ಒತ್ತಿದ. ಅಳಿಯನಿಗೆ ಹೋಳಿಗೆ ಮಾಡಿ ಉಣಿಸಿ ಕಳಿಸಿದ್ದರು.

* * *

ಕಲಬುರಗಿಯಿಂದ ಬೌದ್ಧ ಭಿಕ್ಷು ಭಂತೇಜಿ ಬಂದರು. ಎಲ್ಲರೂ ಕೈ ಮುಗಿದು ನಿಂತು ತ್ರಿಶರಣ ಹೇಳಿದರು. ಲಾಡ್ಲೆಸಾಬ ಬೇವಿನ ಕೆಳಗೇ ಎದ್ದು ನಿಂತು ಅಂಗೈ ಬಿಚ್ಚಿಕೊಂಡಿದ್ದ.

ಆಮೇಲೆ ಒಬ್ಬೊಬ್ಬರೇ ಬಂದು ಕಾಲು ಮುಟ್ಟಿ ಕ್ಷಮೆ ಕೇಳುವುದು. ಜಗದೇವ ಕೇಳಿದ. ಅವನ ಮಗಳು ಪಂಚಶೀಲಾ ಕೇಳಿದಳು. ಈ ವರ್ಷ ನರ್ಸಿಂಗ್ ಮುಗಿಸಿದವಳು, ಆಸ್ಪತ್ರೆಯಲ್ಲಿ ಮುತ್ಯಾ ದತ್ತಪ್ಪನ ಜೊತೆ ಇದ್ದವಳು ಅವಳೇ. ಕೊನೆಗೆ ದ್ರೌಪದಿ ಮೊಣಕಾಲೂರಿ ಬಾಗಿದಳು. ಆ ಪಾದಗಳು ತಣ್ಣಗಿದ್ದವು. ಹೇಳಬೇಕೆಂದುಕೊಂಡಳು. ಸುತ್ತಲೂ ಊರು ನಿಂತಿತ್ತು.

“ಒಂದು ತಪ್ಪು ಅದ ನಂದು,” ಎಂದಳು, ಅವನಿಗೊಬ್ಬನಿಗೆ ಕೇಳಿಸುವಷ್ಟು ಸಣ್ಣ ದನಿಯಲ್ಲಿ. “ಹೊಟ್ಟ್ಯಾಗ ಹಾಕ್ಕೋರಿ ಅಂತ ಕೇಳಂಗಿಲ್ಲ. ತಿದ್ದತೇನಿ.”

ಅಳುತ್ತಿದ್ದಾಳೆಂದು ತಿಳಿದು ವಜೀರುನ್ನಿಸಾ ಭುಜ ಹಿಡಿದು ಎಬ್ಬಿಸಿದಳು.

ಹೆಣ ಎತ್ತಿದರು. ದ್ರೌಪದಿಯ ಮೊಣಕಾಲು ಎರಡು ವರ್ಷದಿಂದ ಕೆಟ್ಟಿತ್ತು. ಭೀಮಾ ದಂಡೆಯ ಹೊಲದತನಕ ನಡೆಯಲಾಗದು, ನೀನು ಇರು ಯವ್ವಾ, ಎಂದ ಜಗದೇವ. ಪಂಚಶೀಲಾ ಜೊತೆಗೆ ಉಳಿದಳು. ಹೆಂಗಸರು ಹೆಣ ಇಟ್ಟಿದ್ದ ಜಾಗಕ್ಕೆ ಕೊಡ ನೀರು ಹಾಕಿ ತೊಳೆದು, ಅಂಗಳದ ಬಾಗಿಲ ಹೊರಗೆ ಬಕೆಟ್ಟಿನಲ್ಲಿ ನೀರು ಇಟ್ಟು ತಮ್ಮ ತಮ್ಮ ಮನೆಗೆ ಹೋದರು.

“ಪಂಚಶೀಲಾ, ಟ್ರಂಕ ತೆರಿ.”

“ಈಗ ಯಾಕ ಆಯಿ?”

“ಅವರು ಬರೋದ್ರಾಗ ಒಂದು ಚೀಟಿ ತೆಗಿಯೋದದ.”

* * *

ಹೋದ ತಿಂಗಳು, ಆಸ್ಪತ್ರೆಯಲ್ಲಿ ಒಂದು ಮಧ್ಯಾಹ್ನ. ದತ್ತಪ್ಪನಿಗೆ ಅವತ್ತು ಸ್ವಲ್ಪ ಆರಾಮಿತ್ತು. ಕಿಟಕಿಯ ಕಡೆ ಮುಖ ಮಾಡಿ ಮಲಗಿದ್ದವನು ಹಗುರ ಕೇಳಿದ:

“ನಿಮ್ಮ ಆಯಿ ಆ ಮಾತು ಅಂದಾಗ ಎಲ್ಲಿ ನಿಂತಿದ್ಲು ಅಂತ ಹೇಳಿದ್ದಿ?”

ಹೇಳಿಬಿಡಬೇಕೆಂದುಕೊಂಡಳು. ಅವಳಿಗೆ ಲಕ್ಷ್ಮವ್ವನ ಚೀಟಿ ನೆನಪಾಯಿತು. ಅಫಜಲಪುರದ ಆ ಮುದುಕಿ ಒಂದು ಮಾತು ಕೊಟ್ಟು, ವರ್ಷದ ಮೇಲೆ “ನನಗ ಸರಿಯಾಗಿ ನೆಪ್ಪಿಲ್ಲ ತಮ್ಮಾ” ಎಂದಿದ್ದಳು. ಅಷ್ಟಕ್ಕೇ ದತ್ತಪ್ಪ ಆ ಚೀಟಿ ದಾರದಿಂದ ತೆಗೆದು ಹಾಕಿದ್ದ. “ಸಾಕ್ಷಿ ಇಲ್ಲ ಅಂದ್ರ ಚುಕ್ಕಿ ಇಟ್ಟು ಬರೀಬಹುದು. ಸುಳ್ಳು ಸಾಕ್ಷಿ ಒಂದು ಹೊಕ್ತಂದ್ರ ಖರೇ ಅನ್ನೋವನ್ನೂ ಯಾರೂ ನಂಬಂಗಿಲ್ಲ,” ಎಂದಿದ್ದ.

ಆದರೂ ಅವಳು ಹೇಳಿದ್ದು, “ಹೊಲದ ಬದುವಿನ ಮ್ಯಾಲ. ಸೆರಗು ತಲಿಮ್ಯಾಲ ಹೊದ್ದು. ಒಂದು ಮಣ್ಣಿನ ಹೆಂಟಿ ಕೈಯಾಗ ಹಿಡಿದು ಪುಡಿ ಮಾಡಿ, ಸುಹ್ಯಾ ಆಗ್ಯಾದ ನೋಡವ್ವಾ, ಅಂದ್ಲು.”

ಹಳೆಯ ಸುಳ್ಳಿಗೆ ಸೆರಗು ಹೊಸದು, ಹೆಂಟಿ ಹೊಸದು. ದತ್ತಪ್ಪ ಕಣ್ಣು ಮುಚ್ಚಿ ಆ ಹೊಲದಲ್ಲಿ ನಿಂತವನಂತೆ ಮಲಗಿದ. “ಚಲೋ ಕಂಡಂಗಾತು,” ಎಂದ. ಆಮೇಲೆ ಅವನು ಹೆಚ್ಚು ಮಾತಾಡಲಿಲ್ಲ.

* * *

ಇಜೇರಿಯ ಚೀಟಿ ದಾರದ ಬುಡದಲ್ಲಿತ್ತು. ಅದನ್ನು ತೆಗೆಯಬೇಕೆಂದರೆ ಮೇಲಿನವನ್ನೆಲ್ಲ ಬಿಚ್ಚಬೇಕು. ಕ್ರಮ ತಪ್ಪಿದರೆ ಅವನ ನಲವತ್ತು ವರ್ಷ ಕಲಸಿಹೋಗುತ್ತದೆ. ಹಾಗಾಗಿ ದ್ರೌಪದಿ ಒಂದೊಂದೇ ತೆಗೆದು ಕೊಟ್ಟಳು, ಪಂಚಶೀಲಾ ಸಾಲು ಹಿಡಿದು ಅಂಗಳದ ನೆಲದ ಮೇಲೆ ಇಡುತ್ತ ಹೋದಳು. ಪುಣ್ಯಕ್ಕೆ ಗಾಳಿ ಇರಲಿಲ್ಲ.

ಸತೀಶಕುಮಾರ ಎಲ್ಲರಿಗಿಂತ ಮುಂದೆ ಬಂದ. ಬಾಗಿಲಲ್ಲಿ ಕಾಲು ತೊಳೆದು ಒಳಗೆ ಹೆಜ್ಜೆ ಇಟ್ಟವನು ಹಾಗೇ ನಿಂತ.

“ಅಮ್ಮಾವ್ರ! ಇದೇನ್ ಮಾಡಾಕತ್ತೀರಿ?”

“ಆ ಮಾತು ನಮ್ಮ ಆಯಿದಲ್ಲ ಸತೀಶಪ್ಪಾ. ನಾ ಹುಟ್ಟಿಸಿದ್ದು.”

ಅವನಿಗೆ ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ತಿಳಿದ ಮೇಲೂ ನಂಬಲಿಲ್ಲ. “ದುಃಖದಾಗ ಹಂಗ ಅನ್ನಿಸ್ತದ್ರಿ. ಇಜೇರಿದಾಗ ಮೂರು ಸಾಕ್ಷಿ ಅದಾವ.”

“ಅಳಿಯನ ಮನಸ್ಸು ಮುರೀಬಾರದು ಅಂತ ಒತ್ತ್ಯಾರ.”

“ಭೂಸನೂರ ಕಡೀ ಕಬ್ಬು ಕಡಿಯೋರು ಅಂತಾರ. ನಾನೇ ಹೋಗಿ ಕೇಳೇನಿ.”

“ನಮ್ಮ ಜಗದೇವ ಅಲ್ಲಿ ಫ್ಯಾಕ್ಟ್ರಿಯವರ ಕಬ್ಬು ನೋಡ್ಕೋತ ತಿರಗ್ತಾನ, ಹದಿನೆಂಟು ವರ್ಷ ಆತು. ಅವನ ಬಾಯಿಂದ ಹೋಗ್ಯಾದ. ಇವರು ಮನ್ಯಾಗ ದಿನಾ ಅಂತಿದ್ರು, ಮಕ್ಕಳು ಕಲಿತ್ರು. ವಜೀರುನ್ನಿಸಾಗ ನನ್ನಿಂದ ಹೋಗ್ಯಾದ. ಎಲ್ಲೆಲ್ಲಿ ಹೋಗ್ಯಾದ ಎಲ್ಲಾ ಹೇಳ್ತೇನಿ, ಬರ್ಕೋರಿ.”

ಸತೀಶಕುಮಾರ ಹಣೆ ಒತ್ತಿಕೊಂಡ. “ಇಡೀ ಅಧ್ಯಾಯ ಅದರ ಮ್ಯಾಲ ನಿಂತದ್ರಿ.”

“ಕೆಡವ್ರಿ.”

“ಇವತ್ತ ಮಣ್ಣು ಕೊಟ್ಟು ಬಂದೀವಿ. ಇವತ್ತೇ ಸರ್ ಮೋಸ ಹೋದ್ರು ಅಂತ ನಾ ಹೆಂಗ ಬರೀಲಿ?”

“ಅವರು ಮೋಸ ಹೋದ್ರು ಅಂತ ಬರೀಬ್ಯಾಡ್ರಿ. ದ್ರೌಪದಿ ಸುಳ್ಳು ಹೇಳಿದ್ಲು ಅಂತ ಬರೀರಿ. ನಾ ಇನ್ನೂ ಅದೇನಿ, ಬೈಯೋರು ನನ್ನ ಬೈಲಿ.”

ಅವಳ ಕೈಯಲ್ಲಿ ಆ ಚೀಟಿ ಇತ್ತು. ನೇರಳೆ ಶಾಯಿ ಮಾಸಿ ಕಂದಾಗಿತ್ತು. ಹುಡುಗಿಯ ಸಣ್ಣ ಹೆಬ್ಬೆಟ್ಟು.

ಸತೀಶಕುಮಾರ ಚೀಟಿಗಳ ಸಾಲು ದಾಟದಂತೆ ಬಾಗಿಲ ಬಳಿಯೇ ನೆಲಕ್ಕೆ ಕೂತ, ಟ್ರಂಕಿನಿಂದ ಒಂದು ಖಾಲಿ ಚೀಟಿ ಕೇಳಿ ತಗೊಂಡ, ತೊಡೆಯ ಮೇಲೆ ಇಟ್ಟುಕೊಂಡ.

“ಹೆಸರು ಹೇಳ್ರಿ.”

“ದ್ರೌಪದಿ, ಗಂಡ ದತ್ತಪ್ಪ.”

“ವಯಸ್ಸು?”

“ಅರವತ್ಮೂರು. ಆಗ ಹತ್ತೊಂಬತ್ತು.”

“ಊರು?”

“ಇಜೇರಿ ಅಂತ ಬರೀಬ್ಯಾಡ್ರಿ. ಜೇವರ್ಗಿ. ಬಾಡಿಗಿ ಮನಿ.”

“ಯಾರ ಬಾಯಿಂದ ಕೇಳಿದ್ದು?”

“ಯಾರ ಬಾಯಿಂದಲೂ ಇಲ್ಲ.”

ಪೆನ್ನು ನಿಂತಿತು. ಅವನು ತಲೆ ಎತ್ತದೆ ಕೇಳಿದ, “ಯಾಕ ಹುಟ್ಟಿಸಿದ್ರಿ, ಅದನ್ನೂ ಬರೀಲೇನ್ರಿ?”

ದ್ರೌಪದಿ ಯೋಚಿಸಿದಳು. “ಚೀಟ್ಯಾಗ ಅದಕ್ಕ ಅವರು ಖಾನೆ ಮಾಡಿಲ್ಲ,” ಎಂದಳು.

ಅಷ್ಟರಲ್ಲಿ ಮಣ್ಣು ಕೊಟ್ಟವರೆಲ್ಲ ಬಂದರು. ಒಬ್ಬರ ಹಿಂದೊಬ್ಬರು ಬಕೆಟ್ಟಿನ ನೀರಿನಲ್ಲಿ ಕಾಲು ತೊಳೆದು ಬಾಗಿಲಿಗೆ ಬಂದರೆ, ಒಳಗೆ ಕಾಲಿಡಲು ಜಾಗವಿಲ್ಲ. “ಏ, ಹಸಿಗಾಲಿಲೆ ತುಳಿದೀರಿ, ನಿಂದ್ರ್ರಿ,” ಎಂದು ಲಾಡ್ಲೆಸಾಬ ಕೈ ಅಡ್ಡ ಹಿಡಿದ. ಜಗದೇವ ನಿಂತ, ಶ್ರೀಮಂತ ನಿಂತ, ಅವರ ಹಿಂದೆ ಊರು ನಿಂತಿತು. ಮನೆಯ ಹೊಸ್ತಿಲಿನಿಂದ ಬೇವಿನ ಬುಡದತನಕ ಚೀಟಿಗಳು ಸಾಲು ಸಾಲಾಗಿ ಮಲಗಿದ್ದವು. ನಡುವೆ ಮಾತ್ರ, ಒಂದು ಆಳುದ್ದ, ಏನೂ ಇಡದೆ ಬಿಟ್ಟ ಜಾಗ. ಹೆಂಗಸರು ನೀರು ಹಾಕಿ ತೊಳೆದ ನೆಲ ಅಲ್ಲಿ ಇನ್ನೂ ಕಪ್ಪಗೆ ಹಸಿಯಾಗಿತ್ತು. ಬಿಸಿಲು ಅದನ್ನು ಕಾಲಿನ ಕಡೆಯಿಂದ ನಿಧಾನ ಬೆಳ್ಳಗೆ ಮಾಡುತ್ತ ಬರುತ್ತಿತ್ತು.